ಆಕ್ಷೇಪಾರ್ಹ ಹಾಸ್ಯ ಮತ್ತು ಕೆಲಸದಿಂದ ವಜಾ

ನೌಕರರೊಬ್ಬರು ಸಭೆಯಲ್ಲೋ ವೇದಿಕೆಯಲ್ಲೋ ಸಾಮಾಜಿಕ ಜಾಲತಾಣದಲ್ಲೋ ಆಡಿದ ತಮಾಷೆ ಒಂದು ಜಾತಿ, ಧರ್ಮ, ಲಿಂಗ, ಮೈಬಣ್ಣ, ಅಂಗವೈಕಲ್ಯ ಅಥವಾ ದುರಂತಕ್ಕೆ ಸಿಕ್ಕವರನ್ನು ನೋಯಿಸಿದರೆ, ಸಂಸ್ಥೆ ಅವರನ್ನು ಕೆಲಸದಿಂದ ತೆಗೆಯಬಹುದೇ, ತೆಗೆಯಬೇಕೇ ಎಂಬುದು ಕಾರ್ಮಿಕ ಕಾನೂನು, ವಾಕ್ ಸ್ವಾತಂತ್ರ್ಯ ಮತ್ತು ಆಡಳಿತ ನೀತಿ ಮೂರಕ್ಕೂ ಸೇರಿದ ವಿವಾದ. ಇಪ್ಪತ್ತನೆಯ ಶತಮಾನದಲ್ಲಿ ಇದು ಹೆಚ್ಚಾಗಿ ರೇಡಿಯೋ, ದೂರದರ್ಶನದ ನಿರೂಪಕರಿಗೆ ಸಂಬಂಧಿಸಿದ ಪ್ರಶ್ನೆಯಾಗಿತ್ತು. ಟ್ವಿಟರ್, ಫೇಸ್‌ಬುಕ್ ಬಂದ ಮೇಲೆ ಗುಮಾಸ್ತ, ಎಂಜಿನಿಯರ್, ಅಂಗಡಿಯ ಕ್ಯಾಷಿಯರ್ ಹೀಗೆ ಯಾರಿಗೆ ಬೇಕಾದರೂ ಎದುರಾಗುವ ಪ್ರಶ್ನೆಯಾಗಿದೆ. ಬಹುತೇಕ ದೇಶಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ದುರ್ನಡತೆ, ಕರಾರು ಭಂಗ, ಕಿರುಕುಳ ಮುಂತಾದ ಹಳೆಯ ಕಲ್ಪನೆಗಳ ಅಡಿಯಲ್ಲೇ ನ್ಯಾಯಾಲಯಗಳು ಇಂಥ ಪ್ರಕರಣಗಳನ್ನು ತೂಗುತ್ತ ಬಂದಿವೆ.

ವ್ಯಾಪ್ತಿ

ಈ ವಿವಾದದಲ್ಲಿ ನಾಲ್ಕು ಬಗೆಯ ಪ್ರಸಂಗಗಳು ಬೆರೆತುಹೋಗಿವೆ. ಕಚೇರಿಯೊಳಗೆ ಸಹೋದ್ಯೋಗಿಯನ್ನು ಗುರಿಮಾಡಿ ಆಡಿದ ತಮಾಷೆ ಮೊದಲನೆಯದು. ಇದು ಬಹುಮಟ್ಟಿಗೆ ಕಿರುಕುಳದ ಕಾನೂನಿಗೆ ಸೇರುತ್ತದೆ. ಎರಡನೆಯದು ನಿರೂಪಕರು, ಆಟಗಾರರು, ಜಾಹೀರಾತಿನ ಮುಖ ಅಥವಾ ದನಿಯಾದವರಂತೆ ಸಾರ್ವಜನಿಕ ವರ್ಚಸ್ಸೇ ಕೆಲಸದ ಬಂಡವಾಳವಾಗಿರುವವರ ಮಾತು. ಮೂರನೆಯದು ಸಾಮಾನ್ಯ ನೌಕರರು ಕೆಲಸದ ವೇಳೆಯ ಆಚೆ ಆಡಿದ್ದು ಅಥವಾ ಬರೆದದ್ದು. ನಾಲ್ಕನೆಯದು ಕೆಲಸಕ್ಕೆ ಸೇರುವ ಮುಂಚೆಯೋ ವರ್ಷಗಳ ಹಿಂದೆಯೋ ಬರೆದು ಮರೆತದ್ದನ್ನು ಯಾರೋ ಹುಡುಕಿ ತೆಗೆದ ಪ್ರಸಂಗ. ಮೊದಲ ಎರಡರಲ್ಲಿ ಸಂಸ್ಥೆಗೆ ಕ್ರಮ ಕೈಗೊಳ್ಳುವ ಅಧಿಕಾರ ಇದೆಯೇ ಎಂಬ ಬಗ್ಗೆ ತಕರಾರು ಕಡಿಮೆ. ಜಗಳವಿರುವುದು ಕೊನೆಯ ಎರಡರಲ್ಲಿ. ಸ್ವತಂತ್ರವಾಗಿ ಕಾರ್ಯಕ್ರಮ ಕೊಡುವ ಹಾಸ್ಯಗಾರರು ಯಾರ ನೌಕರರೂ ಅಲ್ಲ. 2025ರಲ್ಲಿ ಭಾರತದಲ್ಲಿ ಎದ್ದ ‘ಇಂಡಿಯಾಸ್ ಗಾಟ್ ಲೇಟೆಂಟ್’ ವಿವಾದ ಪೊಲೀಸ್ ಠಾಣೆ, ನ್ಯಾಯಾಲಯಗಳ ಮೆಟ್ಟಿಲೇರಿತಾದರೂ ಉದ್ಯೋಗದ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಹಿನ್ನೆಲೆ

ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಒಂದು ಪ್ರಕರಣ ಅಂತರ್ಜಾಲಕ್ಕಿಂತ ಹಳೆಯದು. 1981ರ ಮಾರ್ಚ್ 30ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ಗುಂಡಿನ ದಾಳಿಯಾಯಿತು. ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿಯ ಕಾನ್‌ಸ್ಟೇಬಲ್ ಕಚೇರಿಯಲ್ಲಿ ಕಂಪ್ಯೂಟರಿಗೆ ದಾಖಲೆ ತುಂಬುತ್ತಿದ್ದ 19 ವರ್ಷದ ಯುವತಿ ರೇಡಿಯೋದಲ್ಲಿ ಸುದ್ದಿ ಕೇಳಿ, ಮತ್ತೊಮ್ಮೆ ಪ್ರಯತ್ನಿಸಿದರೆ ಗುರಿ ತಪ್ಪದಿರಲಿ ಎಂಬರ್ಥದ ಮಾತನ್ನು ಪಕ್ಕದವನ ಬಳಿ ಆಡಿದಳು. ರೇಗನ್ ಸರ್ಕಾರ ಬಡವರ ಸೌಲಭ್ಯಗಳನ್ನು ಕಡಿತ ಮಾಡುತ್ತಿದೆ ಎಂಬ ಸಿಟ್ಟು ಆ ಮಾತಿನ ಹಿಂದಿತ್ತು. ಕೇಳಿಸಿಕೊಂಡ ಇನ್ನೊಬ್ಬರು ಮೇಲಧಿಕಾರಿಗೆ ಮುಟ್ಟಿಸಿದರು, ಆಕೆಯ ಕೆಲಸ ಹೋಯಿತು. 1987ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಆಕೆಯ ಪರ ತೀರ್ಪಿತ್ತಿತು. ಮಾತು ರುಚಿಸದಿದ್ದರೂ ಅದು ಸಾರ್ವಜನಿಕ ವಿಷಯಕ್ಕೆ ಸಂಬಂಧಿಸಿದ್ದು, ಆಕೆಯ ಕೆಲಸದಲ್ಲಿ ಜನಸಂಪರ್ಕವಾಗಲಿ ಪೊಲೀಸ್ ಅಧಿಕಾರವಾಗಲಿ ಇರಲಿಲ್ಲ, ಕಚೇರಿಯ ಕೆಲಸಕ್ಕೆ ತೊಂದರೆಯಾದ ಪುರಾವೆಯೂ ಇಲ್ಲ ಎಂಬುದು ನ್ಯಾಯಾಲಯದ ತರ್ಕ. ಆಡಿದ ಮಾತು ಎಂಥದು, ಆಡಿದವರ ಹುದ್ದೆ ಏನು, ಕೆಲಸಕ್ಕೆ ಆದ ಹಾನಿ ಎಷ್ಟು ಎಂಬ ಈ ಮೂರು ಪ್ರಶ್ನೆಗಳೇ ಮುಂದಿನ ಚರ್ಚೆಗೂ ಚೌಕಟ್ಟಾದವು.

ಪ್ರಸಾರ ಮಾಧ್ಯಮದಲ್ಲಿ ಹೆಚ್ಚು ಚರ್ಚೆಯಾದದ್ದು ಅಮೆರಿಕದ ರೇಡಿಯೋ ನಿರೂಪಕ ಡಾನ್ ಐಮಸ್ ಪ್ರಕರಣ. 2007ರ ಏಪ್ರಿಲ್ 4ರಂದು ಆತ ರಟ್ಗರ್ಸ್ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರ್ತಿಯರನ್ನು ಬಣ್ಣ ಮತ್ತು ಕೂದಲು ಹಿಡಿದು ಹೀಯಾಳಿಸಿದ. ಎರಡು ವಾರಗಳ ಅಮಾನತಿನೊಂದಿಗೆ ಪ್ರಸಂಗ ಮುಗಿಯುವಂತಿತ್ತು. ಆದರೆ ಜಾಹೀರಾತುದಾರರು ಒಬ್ಬೊಬ್ಬರಾಗಿ ಹಿಂದೆ ಸರಿಯತೊಡಗಿದರು. ಏಪ್ರಿಲ್ 12ರಂದು ಸಿಬಿಎಸ್ ರೇಡಿಯೋ ಆತನನ್ನು ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆತ ಬೇರೊಂದು ಕೇಂದ್ರದಿಂದ ಮತ್ತೆ ಮಾತಾಡತೊಡಗಿದ್ದ.

2011ರ ಮಾರ್ಚ್‌ನಲ್ಲಿ ಜಪಾನ್ ಸುನಾಮಿಗೆ ತುತ್ತಾದಾಗ ಹಾಸ್ಯನಟ ಗಿಲ್ಬರ್ಟ್ ಗಾಟ್‌ಫ್ರೀಡ್ ಅದನ್ನೇ ವಸ್ತುವಾಗಿಸಿ ಟ್ವೀಟ್‌ಗಳ ಸರಣಿ ಹಾಕಿದರು. ಅಫ್ಲ್ಯಾಕ್ ವಿಮಾ ಕಂಪನಿಯ ಜಾಹೀರಾತಿನ ಬಾತುಕೋಳಿಗೆ ದನಿಯಾಗಿದ್ದ ಅವರನ್ನು ಕಂಪನಿ ಕೂಡಲೇ ಕೈಬಿಟ್ಟಿತು. ಆ ಕಂಪನಿಯ ಆದಾಯದ ಸುಮಾರು ಮುಕ್ಕಾಲು ಪಾಲು ಬರುತ್ತಿದ್ದುದು ಜಪಾನಿನಿಂದಲೇ. ಹಾಸ್ಯಕ್ಕೂ ಸಂಸ್ಥೆಯ ನಷ್ಟಕ್ಕೂ ಇಷ್ಟು ನೇರ ಸಂಬಂಧ ಇರುವ ಪ್ರಕರಣಗಳು ವಿರಳ.

ಜಾಲತಾಣ ಯುಗದ ಪ್ರಮುಖ ಪ್ರಕರಣಗಳು

ಪೈಕಾನ್, 2013: ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಬಳಕೆದಾರರ ಸಮ್ಮೇಳನ ಆ ವರ್ಷ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಡೆಯಿತು. ಮಾರ್ಚ್ 17ರಂದು ಸಭಾಂಗಣದಲ್ಲಿ ಇಬ್ಬರು ಎಂಜಿನಿಯರ್‌ಗಳು ಡಾಂಗಲ್ ಮುಂತಾದ ತಾಂತ್ರಿಕ ಪದಗಳಿಗೆ ದ್ವಂದ್ವಾರ್ಥ ಹಚ್ಚಿ ತಮ್ಮತಮ್ಮಲ್ಲೇ ನಗುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಮಹಿಳಾ ತಂತ್ರಜ್ಞೆ ತಿರುಗಿ ಅವರ ಫೋಟೊ ತೆಗೆದು, ಆಕ್ಷೇಪದೊಂದಿಗೆ ಟ್ವಿಟರ್‌ಗೆ ಹಾಕಿದರು. ಸಂಘಟಕರು ಇಬ್ಬರನ್ನೂ ಹೊರಗೆ ಕರೆದು ಮಾತಾಡಿದರು. ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಅವರಲ್ಲೊಬ್ಬನನ್ನು ಅವನ ಕಂಪನಿ ಪ್ಲೇಹೇವನ್ ವಜಾ ಮಾಡಿತು. ಮೂರು ಮಕ್ಕಳ ತಂದೆಯಾದ ಆತ ಕ್ಷಮೆ ಕೇಳಿ ಬರೆದ ಟಿಪ್ಪಣಿ ಹರಡುತ್ತಿದ್ದಂತೆ ಸಿಟ್ಟು ಮಹಿಳೆಯ ಕಡೆ ತಿರುಗಿತು. ಆಕೆಗೆ ಬೆದರಿಕೆಗಳು ಬಂದವು. ಆಕೆ ಕೆಲಸ ಮಾಡುತ್ತಿದ್ದ ಸೆಂಡ್‌ಗ್ರಿಡ್ ಕಂಪನಿಯ ಸರ್ವರ್‌ಗಳ ಮೇಲೆ ದಾಳಿ ನಡೆಯಿತು. ಕೆಲವೇ ದಿನಗಳಲ್ಲಿ ಸೆಂಡ್‌ಗ್ರಿಡ್ ಆಕೆಯನ್ನೂ ತೆಗೆದುಹಾಕಿತು. ಆಕೆಯ ಕೆಲಸ ತಂತ್ರಜ್ಞರ ಸಮುದಾಯದೊಂದಿಗೆ ಒಡನಾಡುವುದಾಗಿದ್ದು, ಸಮುದಾಯ ಒಡೆದಿರುವಾಗ ಅದು ಸಾಧ್ಯವಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ನಗೆಯಾಡಿದವನೂ ದೂರಿದವಳೂ ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡರು. ಎರಡೂ ವಜಾಗಳ ಹಿಂದೆ ದುಡಿದದ್ದು ಹೊರಗಿನ ಒತ್ತಡ ಎಂಬ ಕಾರಣಕ್ಕೆ ಈ ಪ್ರಕರಣವನ್ನು ಮತ್ತೆ ಮತ್ತೆ ಉದಾಹರಿಸಲಾಗುತ್ತದೆ.

ಹೀಥ್ರೋ ಟ್ವೀಟ್, 2013: ಅದೇ ವರ್ಷದ ಡಿಸೆಂಬರ್ 20ರಂದು ಅಮೆರಿಕದ ಐಎಸಿ ಕಂಪನಿಯ ಸಂಪರ್ಕ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಲಂಡನ್‌ನಿಂದ ಕೇಪ್‌ಟೌನ್‌ಗೆ ವಿಮಾನ ಹತ್ತುವ ಮುನ್ನ ಆಫ್ರಿಕಾ, ಏಡ್ಸ್ ಮತ್ತು ತಮ್ಮ ಬಿಳಿ ಬಣ್ಣವನ್ನು ಸೇರಿಸಿ ಒಂದು ಸಾಲಿನ ತಮಾಷೆ ಬರೆದರು. ಅವರ ಟ್ವಿಟರ್ ಅನುಯಾಯಿಗಳಿದ್ದದ್ದು ಸುಮಾರು 170 ಮಂದಿ. ಹನ್ನೊಂದು ಗಂಟೆಗಳ ಪಯಣ ಮುಗಿಸಿ ಅವರು ಇಳಿಯುವ ಹೊತ್ತಿಗೆ ಜಗತ್ತಿನಾದ್ಯಂತ ಅವರ ಹೆಸರು ಹರಿದಾಡುತ್ತಿತ್ತು, ನಿಲ್ದಾಣದಲ್ಲಿ ಫೋಟೊ ತೆಗೆಯಲು ಒಬ್ಬ ಕಾದಿದ್ದ. ಮರುದಿನ ಕಂಪನಿ ಅವರನ್ನು ವಜಾ ಮಾಡಿತು. ಬಿಳಿಯರ ಅಜ್ಞಾನವನ್ನೇ ಅಣಕಿಸಲು ಹೊರಟಿದ್ದೆ ಎಂದು ಅವರು ಆಮೇಲೆ ವಿವರಿಸಿದರೂ ಆ ವಿವರಣೆ ಟ್ವೀಟ್ ಹೋದಷ್ಟು ದೂರ ಹೋಗಲಿಲ್ಲ. ಪತ್ರಕರ್ತ ಜಾನ್ ರಾನ್ಸನ್ 2015ರಲ್ಲಿ ಸಾರ್ವಜನಿಕ ಅವಮಾನವನ್ನು ಕುರಿತು ಬರೆದ ಪುಸ್ತಕದಲ್ಲಿ ಈ ಪ್ರಕರಣವನ್ನೂ ಪೈಕಾನ್ ಪ್ರಕರಣವನ್ನೂ ವಿವರವಾಗಿ ಪರಿಶೀಲಿಸಿದ್ದಾರೆ. 2018ರಲ್ಲಿ ಅದೇ ಐಎಸಿ ಸಮೂಹದ ಮ್ಯಾಚ್ ಗ್ರೂಪ್ ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡಿತು.

ಜೇಮ್ಸ್ ಗನ್, 2018: ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಚಿತ್ರಗಳ ನಿರ್ದೇಶಕ 2008ರಿಂದ 2012ರವರೆಗೆ ಬರೆದಿದ್ದ ಅಸಹ್ಯ ಹಾಸ್ಯದ ಟ್ವೀಟ್‌ಗಳನ್ನು ರಾಜಕೀಯ ವಿರೋಧಿಗಳು ಹುಡುಕಿ ಹೊರಹಾಕಿದರು. ಜುಲೈನಲ್ಲಿ ಡಿಸ್ನಿ ಅವರನ್ನು ತೆಗೆದುಹಾಕಿತು. ಚಿತ್ರದ ನಟರು ಬಹಿರಂಗ ಪತ್ರ ಬರೆದು ಬೆಂಬಲಿಸಿದರು. 2019ರ ಮಾರ್ಚ್‌ನಲ್ಲಿ ಡಿಸ್ನಿಯೇ ಅವರನ್ನು ಮರಳಿ ಕರೆಯಿತು. ಅದೇ 2018ರ ಮೇ ತಿಂಗಳಲ್ಲಿ ನಟಿ ರೋಸಾನ್ ಬಾರ್ ಅವರ ಜನಾಂಗೀಯ ಅಣಕದ ಟ್ವೀಟ್‌ಗಾಗಿ ಎಬಿಸಿ ವಾಹಿನಿ ಅವರ ಜನಪ್ರಿಯ ಧಾರಾವಾಹಿಯನ್ನೇ ರದ್ದು ಮಾಡಿತ್ತು.

ಭಾರತೀಯರಿಗೆ ಸಂಬಂಧಿಸಿದ ಪ್ರಕರಣಗಳು

2018ರ ಆಗಸ್ಟ್‌ನಲ್ಲಿ ಕೇರಳ ಪ್ರವಾಹದಲ್ಲಿ ಮುಳುಗಿದ್ದಾಗ ಪರಿಹಾರ ಶಿಬಿರಗಳಿಗೆ ಸ್ಯಾನಿಟರಿ ನ್ಯಾಪ್‌ಕಿನ್ ಬೇಕೆಂದು ಫೇಸ್‌ಬುಕ್‌ನಲ್ಲಿ ಮನವಿ ಹೋಗಿತ್ತು. ಒಮಾನ್‌ನ ಲುಲು ಹೈಪರ್‌ಮಾರ್ಕೆಟ್‌ನಲ್ಲಿ ಕ್ಯಾಷಿಯರ್ ಆಗಿದ್ದ ಕೇರಳದ ಯುವಕ ಅದರ ಕೆಳಗೆ ಅಶ್ಲೀಲ ಚಟಾಕಿ ಹಾರಿಸಿದ. ಕುಡಿದ ಅಮಲಿನಲ್ಲಿ ಬರೆದೆ ಎಂದು ಕ್ಷಮೆ ಕೇಳಿದರೂ ಕಂಪನಿ ಆತನನ್ನು ಕೆಲಸದಿಂದ ತೆಗೆಯಿತು. ಕನ್ನಡಿಗರೂ ದೊಡ್ಡ ಸಂಖ್ಯೆಯಲ್ಲಿ ದುಡಿಯುವ ಗಲ್ಫ್ ದೇಶಗಳಲ್ಲಿ ಇಂಥ ಮಾತಿನ ಬೆಲೆ ಇನ್ನೂ ಹೆಚ್ಚು. ಯುನೈಟೆಡ್ ಅರಬ್ ಎಮಿರೇಟ್ಸ್ 2015ರಲ್ಲೇ ಧರ್ಮನಿಂದೆ ಮತ್ತು ದ್ವೇಷದ ಮಾತನ್ನು ಅಪರಾಧವಾಗಿಸಿತು. ಅಲ್ಲಿ ಕೆಲಸ ಹೋದರೆ ವೀಸಾದ ಆಧಾರವೇ ತಪ್ಪುತ್ತದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಹೆಸರಿನಲ್ಲಿ ಮುಸ್ಲಿಮರನ್ನು ಗೇಲಿ ಮಾಡಿದ, ದೂಷಿಸಿದ ಪೋಸ್ಟ್‌ಗಳಿಗಾಗಿ ಹಲವು ಭಾರತೀಯರು ಅಲ್ಲಿ ನೌಕರಿ ಕಳೆದುಕೊಂಡಾಗ, ಭಾರತದ ರಾಯಭಾರಿಯೇ ಸಾರ್ವಜನಿಕವಾಗಿ ಎಚ್ಚರಿಕೆ ಕೊಡಬೇಕಾಯಿತು.

ಬೆಂಗಳೂರಿನಲ್ಲಿ ಗಮನ ಸೆಳೆದ ಪ್ರಕರಣ 2020ರ ಮಾರ್ಚ್‌ನದು. ಲಾಕ್‌ಡೌನ್ ಆರಂಭದಲ್ಲಿ, ಹೊರಗೆ ಹೋಗಿ ಸೀನಿ ವೈರಸ್ ಹರಡೋಣ ಎಂದು ಫೇಸ್‌ಬುಕ್‌ನಲ್ಲಿ ಬರೆದ ಉದ್ಯೋಗಿಯನ್ನು ಇನ್ಫೊಸಿಸ್ ವಜಾ ಮಾಡಿತು, ಪೊಲೀಸರು ಬಂಧಿಸಿದರು. ನೋವುಂಟುಮಾಡುವ ಮಾತಿಗೂ ಅಪಾಯಕ್ಕೆ ಕರೆ ಕೊಡುವ ಮಾತಿಗೂ ವ್ಯತ್ಯಾಸವಿದೆ ಎಂಬುದಕ್ಕೆ ಇದು ನಿದರ್ಶನ. ಎರಡನೆಯದರಲ್ಲಿ ತಮಾಷೆ ಎಂಬ ಸಮರ್ಥನೆಗೆ ಜಾಗ ಬಲು ಕಡಿಮೆ.

ವಜಾಕ್ಕಿಂತ ಕೆಳಗಿನ ಶಿಕ್ಷೆಗೆ ಕ್ರಿಕೆಟ್‌ನಲ್ಲಿ ಎರಡು ಒಳ್ಳೆಯ ಉದಾಹರಣೆಗಳಿವೆ. 2019ರ ಜನವರಿಯಲ್ಲಿ ‘ಕಾಫಿ ವಿತ್ ಕರಣ್’ ಕಾರ್ಯಕ್ರಮದಲ್ಲಿ ಮಹಿಳೆಯರ ಬಗ್ಗೆ ಹಗುರವಾಗಿ ಮಾತಾಡಿದ ಹಾರ್ದಿಕ್ ಪಾಂಡ್ಯ ಮತ್ತು ಅವರ ಜೊತೆ ಕುಳಿತಿದ್ದ ಕರ್ನಾಟಕದ ಕೆ.ಎಲ್. ರಾಹುಲ್ ಅವರನ್ನು ಬಿಸಿಸಿಐ ಅಮಾನತು ಮಾಡಿ ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸ್ ಕರೆಸಿತು. ಸುಮಾರು ಎರಡು ವಾರಗಳಲ್ಲಿ ಅಮಾನತು ತೆರವಾಯಿತು. ವಿಚಾರಣೆ ನಡೆಸಿದ ಒಂಬುಡ್ಸ್‌ಮನ್, ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಏಪ್ರಿಲ್‌ನಲ್ಲಿ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದರಲ್ಲಿ ಅರ್ಧ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ 10 ಕಾನ್‌ಸ್ಟೇಬಲ್‌ಗಳ ಕುಟುಂಬಗಳಿಗೆ, ಉಳಿದರ್ಧ ಅಂಧರ ಕ್ರಿಕೆಟ್ ನಿಧಿಗೆ ಹೋಗಬೇಕೆಂದು ಆದೇಶಿಸಿದರು. 2021ರ ಜೂನ್‌ನಲ್ಲಿ ಇಂಗ್ಲೆಂಡ್ ವೇಗಿ ಓಲಿ ರಾಬಿನ್‌ಸನ್ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡುತ್ತಿದ್ದ ದಿನವೇ, ಹದಿಹರೆಯದಲ್ಲಿ ಬರೆದ ಜನಾಂಗೀಯ ಹಾಗೂ ಸ್ತ್ರೀನಿಂದಕ ಟ್ವೀಟ್‌ಗಳು ಹೊರಬಂದವು. ಅವರಿಗೆ ಎಂಟು ಪಂದ್ಯಗಳ ನಿಷೇಧ ಹಾಕಿ, ಅದರಲ್ಲಿ ಐದನ್ನು ಎರಡು ವರ್ಷಗಳ ನಡತೆಯ ಷರತ್ತಿನ ಮೇಲೆ ತಡೆಹಿಡಿಯಲಾಯಿತು. 3,200 ಪೌಂಡ್ ದಂಡವನ್ನೂ ಕಟ್ಟಿಸಿಕೊಳ್ಳಲಾಯಿತು. ಮೂವರೂ ಮತ್ತೆ ತಂಡದಲ್ಲಿ ಆಡಿದರು.

ವಿದೇಶಗಳ ಕಾನೂನು

ಅಮೆರಿಕದ ಖಾಸಗಿ ವಲಯದಲ್ಲಿ ಮಾಲೀಕರು ಕಾರಣ ಕೊಡದೆಯೇ ನೌಕರರನ್ನು ತೆಗೆಯಬಹುದು ಎಂಬುದು ಸಾಮಾನ್ಯ ನಿಯಮ. ಮೊಂಟಾನಾ ರಾಜ್ಯ ಮಾತ್ರ 1987ರ ಕಾಯ್ದೆಯಿಂದ ಇದಕ್ಕೆ ಕಡಿವಾಣ ಹಾಕಿದೆ. ಸಂವಿಧಾನದ ಮೊದಲ ತಿದ್ದುಪಡಿ ಕೊಡುವ ವಾಕ್ ಸ್ವಾತಂತ್ರ್ಯ ಸರ್ಕಾರದ ವಿರುದ್ಧವೇ ಹೊರತು ಕಂಪನಿಯ ವಿರುದ್ಧವಲ್ಲ. ಸರ್ಕಾರಿ ನೌಕರರಿಗೆ 1968ರ ಪಿಕರಿಂಗ್ ಪ್ರಕರಣದಿಂದ ಬೆಳೆದ ತೂಕದ ಪರೀಕ್ಷೆ ಅನ್ವಯಿಸುತ್ತದೆ. ಮಾತಿನ ಸಾರ್ವಜನಿಕ ಮಹತ್ವವನ್ನು ಒಂದು ಕಡೆ, ಕಚೇರಿಯ ಸುಗಮ ಕೆಲಸವನ್ನು ಇನ್ನೊಂದು ಕಡೆ ಇಟ್ಟು ನೋಡಲಾಗುತ್ತದೆ. ಇನ್ನೊಂದೆಡೆ 1964ರ ನಾಗರಿಕ ಹಕ್ಕುಗಳ ಕಾಯ್ದೆ, ಜನಾಂಗೀಯ ಅಥವಾ ಲೈಂಗಿಕ ಅಣಕದಿಂದ ಕೆಲಸದ ವಾತಾವರಣ ಕೆಟ್ಟರೆ ಮಾಲೀಕರನ್ನೇ ಹೊಣೆಯಾಗಿಸುತ್ತದೆ. ಕಂಪನಿಗಳು ವಜಾಕ್ಕೆ ಆತುರಪಡಲು ಇದೂ ಒಂದು ಕಾರಣ.

ಬ್ರಿಟನ್‌ನಲ್ಲಿ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯಂತೆ ವಜಾಕ್ಕೆ ನ್ಯಾಯವಾದ ಕಾರಣವೂ ಕ್ರಮಬದ್ಧ ವಿಚಾರಣೆಯೂ ಬೇಕು. ವಿವೇಕವುಳ್ಳ ಮಾಲೀಕರು ಕೈಗೊಳ್ಳಬಹುದಾದ ಕ್ರಮಗಳ ಎಲ್ಲೆಯೊಳಗೆ ಈ ವಜಾ ಇದೆಯೇ ಎಂಬುದನ್ನು ನ್ಯಾಯಮಂಡಳಿ ನೋಡುತ್ತದೆ. ಬ್ರಿಟಿಷ್ ವಾಟರ್‌ವೇಸ್ ಪ್ರಕರಣದಲ್ಲಿ, ತುರ್ತು ಕರೆಗೆ ಸಿದ್ಧವಿರಬೇಕಾದ ಪಾಳಿಯಲ್ಲಿ ಕುಡಿಯುತ್ತಿದ್ದೇನೆ ಎಂದು ನೌಕರನೊಬ್ಬ ಫೇಸ್‌ಬುಕ್‌ನಲ್ಲಿ ಬರೆದದ್ದು ಎರಡು ವರ್ಷಗಳ ಬಳಿಕ ಸಿಕ್ಕಿಬಿತ್ತು. ತಮಾಷೆಗೆ ಬರೆದದ್ದು, ನಿಜವಲ್ಲ ಎಂಬ ವಾದವಿದ್ದರೂ ಮೇಲ್ಮನವಿ ಮಂಡಳಿ 2015ರಲ್ಲಿ ವಜಾವನ್ನು ಎತ್ತಿಹಿಡಿಯಿತು. ಇದಕ್ಕೆ ಎದುರು ದಿಕ್ಕಿನದು ಪಾಲ್ ಚೇಂಬರ್ಸ್ ಪ್ರಕರಣ. ಹಿಮದಿಂದ ಮುಚ್ಚಿದ್ದ ರಾಬಿನ್ ಹುಡ್ ವಿಮಾನ ನಿಲ್ದಾಣವನ್ನು ಉಡಾಯಿಸುತ್ತೇನೆ ಎಂದು 2010ರ ಜನವರಿಯಲ್ಲಿ ಬೇಸರಕ್ಕೆ ಟ್ವೀಟ್ ಮಾಡಿದ ಆತನಿಗೆ ಶಿಕ್ಷೆಯಾಯಿತು, ನೌಕರಿಯೂ ಹೋಯಿತು. ಅದು ಬೆದರಿಕೆಯಲ್ಲ, ಬರೀ ತಮಾಷೆ ಎಂದು 2012ರ ಜುಲೈನಲ್ಲಿ ಹೈಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು.

ಫ್ರಾನ್ಸ್‌ನಲ್ಲಿ ‘ಟೆಕ್ಸ್’ ಎಂಬ ಹೆಸರಿನ ಹಾಸ್ಯನಟ ಫ್ರಾನ್ಸ್ 2 ವಾಹಿನಿಯಲ್ಲಿ ದಂಪತಿಗಳ ಆಟದ ಕಾರ್ಯಕ್ರಮವನ್ನು 2000ರಿಂದ ನಡೆಸಿಕೊಡುತ್ತಿದ್ದ. 2017ರ ನವೆಂಬರ್ 30ರಂದು ಬೇರೊಂದು ವಾಹಿನಿಯಲ್ಲಿ, ಗಂಡನಿಂದ ಪೆಟ್ಟು ತಿಂದ ಹೆಂಡತಿಯನ್ನು ನಗೆಗೀಡು ಮಾಡುವ ಜೋಕ್ ಹೇಳಿದ. ಮೀ ಟೂ ಚಳವಳಿ ಹಬ್ಬಿದ ತಿಂಗಳುಗಳವು. ಐದು ದಿನ ಮುಂಚೆಯಷ್ಟೇ ಅಧ್ಯಕ್ಷ ಮ್ಯಾಕ್ರೋನ್ ಸ್ತ್ರೀಯರ ಮೇಲಿನ ಹಿಂಸೆಯ ವಿರುದ್ಧ ರಾಷ್ಟ್ರೀಯ ಅಭಿಯಾನ ಘೋಷಿಸಿದ್ದರು. ಕಾರ್ಯಕ್ರಮ ನಿರ್ಮಿಸುತ್ತಿದ್ದ ಸಂಸ್ಥೆ ಆತನನ್ನು ವಜಾ ಮಾಡಿತು. 2022ರ ಏಪ್ರಿಲ್ 20ರಂದು ದೇಶದ ಅತ್ಯುನ್ನತ ನ್ಯಾಯಾಲಯ ವಜಾವನ್ನು ಮಾನ್ಯ ಮಾಡಿತು. ಹಾಸ್ಯದ ಮೇರೆ ಯಾವುದೆಂದು ನಿರ್ಧರಿಸಲು ಅದು ಹೋಗಲಿಲ್ಲ. ಮಹಿಳೆಯರ ಘನತೆಯನ್ನು ಗೌರವಿಸುವ ಷರತ್ತಿಗೆ ಕರಾರಿನಲ್ಲೇ ಸಹಿ ಹಾಕಿದ್ದ ನಿರೂಪಕ ಅದನ್ನು ಮುರಿದನೇ, ಶಿಕ್ಷೆ ತಪ್ಪಿಗೆ ತಕ್ಕದ್ದೇ ಎಂಬುದನ್ನಷ್ಟೇ ನೋಡಿತು.

ಭಾರತದ ಕಾನೂನು

ಸಂವಿಧಾನದ 19ನೇ ವಿಧಿ ಮೂಲತಃ ಪ್ರಭುತ್ವದ ವಿರುದ್ಧದ ರಕ್ಷಣೆ. ಸರ್ಕಾರಿ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡುವುದನ್ನು 311ನೇ ವಿಧಿ ತಡೆಯುತ್ತದೆ. ಆದರೆ ನಡತೆ ನಿಯಮಗಳಲ್ಲಿ ಬರುವ ‘ನೌಕರನಿಗೆ ತಕ್ಕುದಲ್ಲದ ವರ್ತನೆ’ ಎಂಬ ವಿಶಾಲ ಮಾತಿನಡಿ ಒಂದು ಫೇಸ್‌ಬುಕ್ ಪೋಸ್ಟ್‌ಗೂ ಕಾರಣ ಕೇಳಿ ನೋಟಿಸ್ ಬರಬಹುದು. ನಿವೃತ್ತಿಗೆ ಕೆಲವೇ ದಿನಗಳಿರುವಾಗ ಇಂಥ ಪೋಸ್ಟ್‌ಗಾಗಿ ಕ್ರಮಕ್ಕೆ ಒಳಗಾದ ಮಹಿಳಾ ನೌಕರರೊಬ್ಬರ ಪ್ರಕರಣದಲ್ಲಿ ತ್ರಿಪುರಾ ಹೈಕೋರ್ಟ್ 2020ರ ಜನವರಿಯಲ್ಲಿ, ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ವಾಕ್ ಸ್ವಾತಂತ್ರ್ಯ ಇಲ್ಲವಾಗುವುದಿಲ್ಲ ಎಂದು ಹೇಳಿತು.

ಖಾಸಗಿ ವಲಯದಲ್ಲಿ ಕಾರ್ಮಿಕರಿಗೆ ಸ್ಥಾಯೀ ಆದೇಶಗಳ, ಅಂದರೆ ಸಂಸ್ಥೆಯ ಲಿಖಿತ ಸೇವಾ ನಿಯಮಗಳ, ರಕ್ಷಣೆ ಇದೆ. ಕಾರ್ಖಾನೆಯ ಆವರಣದಲ್ಲಿ ಅಥವಾ ಅದರ ಸಮೀಪದಲ್ಲಿ ನಡೆದ ದುರ್ನಡತೆ ಎಂದು ಆದೇಶದಲ್ಲಿದ್ದರೆ, ಎಲ್ಲೋ ದೂರದಲ್ಲಿ ನಡೆದದ್ದನ್ನು ಅದರೊಳಗೆ ಎಳೆದು ತರುವಂತಿಲ್ಲ ಎಂದು ಗ್ಲ್ಯಾಕ್ಸೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 1971ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿಸಿದ 11ಎ ಕಲಂ, ಶಿಕ್ಷೆ ಅತಿಯಾಯಿತು ಅನ್ನಿಸಿದರೆ ಅದನ್ನು ತಗ್ಗಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತು. ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಮಾತಿನ ತಪ್ಪಿಗೆ ವಜಾ ಸರಿಯೇ ಎಂಬ ಬಗ್ಗೆ ಸುಪ್ರೀಂ ಕೋರ್ಟ್‌ನ ನಿಲುವು ಒಂದೇ ತೆರನಾಗಿಲ್ಲ. 1982ರ ರಮಾಕಾಂತ್ ಮಿಶ್ರಾ ಪ್ರಕರಣದಲ್ಲಿ ಅಧಿಕಾರಿಗೆ ಒರಟಾಗಿ ಮಾತಾಡಿದ ನೌಕರನ ವಜಾವನ್ನು ರದ್ದುಗೊಳಿಸಿ ಎರಡು ವೇತನ ಬಡ್ತಿ ತಡೆಯುವ ಶಿಕ್ಷೆಗೆ ಇಳಿಸಿತು. 2005ರ ಮಹೀಂದ್ರ ಪ್ರಕರಣದಲ್ಲಿ ಮೇಲಧಿಕಾರಿಯನ್ನು ಅಶ್ಲೀಲವಾಗಿ ಬೈದವನ ವಜಾವನ್ನು ಎತ್ತಿಹಿಡಿಯಿತು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ 39ನೇ ಕಲಂ ಪ್ರಕಾರ, ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದವರನ್ನು ಸಮಂಜಸ ಕಾರಣವೂ ಒಂದು ತಿಂಗಳ ನೋಟಿಸ್ ಅಥವಾ ಸಂಬಳವೂ ಇಲ್ಲದೆ ತೆಗೆಯುವಂತಿಲ್ಲ. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ಮಾತ್ರ ನೋಟಿಸ್ ಬೇಕಿಲ್ಲ. ವ್ಯವಹಾರದಲ್ಲಿ ಐಟಿ ಕಂಪನಿಗಳು ಹಲವು ಬಾರಿ ನೌಕರರಿಂದ ರಾಜೀನಾಮೆ ಬರೆಸಿಕೊಂಡು ವಿಷಯ ಮುಗಿಸುತ್ತವೆ. ಹೊರಗುತ್ತಿಗೆ ನೌಕರರ ಪಾಲಿಗೆ ಆರೋಪ ಪಟ್ಟಿಯೂ ದೂರದ ಮಾತು, ಏಜೆನ್ಸಿಗೆ ಒಂದು ಫೋನ್ ಕರೆ ಹೋದರೆ ಸಾಕು.

ಕೆಲವು ಹಾಸ್ಯಗಳಿಗೆ ನೇರ ಕಾನೂನು ಇದೆ. ಲೈಂಗಿಕ ಧ್ವನಿಯ ಮಾತು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಖ್ಯೆಯಲ್ಲೇ ಸೇರಿದೆ. ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರಿದವರನ್ನು ಜಾತಿಯ ಕಾರಣಕ್ಕೆ ಸಾರ್ವಜನಿಕರೆದುರು ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಂತೆ ಅಪರಾಧ. ಇಂಥ ಕಡೆ ನಗೆಗಾಗಿ ಅಂದೆ ಎಂಬ ಸಮರ್ಥನೆ ಸುಲಭವಾಗಿ ನಿಲ್ಲುವುದಿಲ್ಲ.

ವಾದ, ಪ್ರತಿವಾದ

ವಜಾದ ಪರವಾದ ವಾದ ಮುಖ್ಯವಾಗಿ ನಂಬಿಕೆಯ ಮೇಲೆ ನಿಂತಿದೆ. ಒಂದು ಜಾತಿಯನ್ನೋ ಧರ್ಮವನ್ನೋ ಬಹಿರಂಗವಾಗಿ ಗೇಲಿ ಮಾಡಿದ ಪೊಲೀಸ್ ಅಧಿಕಾರಿ, ಶಿಕ್ಷಕ, ವೈದ್ಯ ಅಥವಾ ನೇಮಕಾತಿ ಅಧಿಕಾರಿಯ ಮುಂದೆ ಆ ಸಮುದಾಯದವರು ನಾಳೆ ಯಾವ ಭರವಸೆಯಿಂದ ನಿಲ್ಲಬೇಕು ಎಂಬುದು ಪ್ರಶ್ನೆ. ಹೀಯಾಳಿಕೆಯ ಹಾಸ್ಯ, ಈಗಾಗಲೇ ಪೂರ್ವಗ್ರಹವುಳ್ಳವರಿಗೆ ತಾರತಮ್ಯವನ್ನು ಸಹಜವೆನ್ನಿಸುತ್ತದೆ ಎಂದು ಮನೋವಿಜ್ಞಾನಿ ಥಾಮಸ್ ಫೋರ್ಡ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ತಮಾಷೆಯ ಮರೆಯಲ್ಲಿ ಆಡಿದ್ದನ್ನು ಆಕ್ಷೇಪಿಸಿದವರಿಗೆ ‘ಹಾಸ್ಯಪ್ರಜ್ಞೆ ಇಲ್ಲ’ ಎಂಬ ಪಟ್ಟ ಬೇರೆ ಸಿಗುತ್ತದೆ.

ವಿರೋಧದ ವಾದ ಹೊಟ್ಟೆಪಾಡಿನದು. ಬೆನ್ನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬಾರದು ಎಂಬ ನಮ್ಮ ಹಳೆಯ ಮಾತಿನ ನ್ಯಾಯವೇ ಇಲ್ಲಿಯೂ ಕೆಲಸ ಮಾಡುತ್ತದೆ. ತಪ್ಪು ಒಂದು ಸಾಲಿನದು, ಶಿಕ್ಷೆ ಇಡೀ ಮನೆಯವರದು. ಕತ್ತರಿಸಿದ ವಿಡಿಯೊ ತುಣುಕು ಸಂದರ್ಭವನ್ನು ಕೊಂದುಹಾಕುತ್ತದೆ. ಕಂಪನಿಗಳು ಸ್ಪಂದಿಸುವುದು ನೊಂದವರಿಗಲ್ಲ, ಗದ್ದಲಕ್ಕೆ ಎಂಬ ಟೀಕೆಗೆ ಪೈಕಾನ್ ಪ್ರಕರಣ ಆಧಾರ. ಸಮಾಜದ ದಬ್ಬಾಳಿಕೆ ಪ್ರಭುತ್ವದ ದಬ್ಬಾಳಿಕೆಗಿಂತ ಆಳವಾಗಿ ಬದುಕಿಗಿಳಿಯುತ್ತದೆ ಎಂದು ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಎಚ್ಚರಿಸಿದ್ದ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಲಪಂಥೀಯ ಪ್ರಚಾರಕ ಚಾರ್ಲಿ ಕರ್ಕ್ ಹತ್ಯೆಯಾದ ಬಳಿಕ, ಅದರ ಬಗ್ಗೆ ಬರೆದದ್ದಕ್ಕಾಗಿ ಶಿಕ್ಷಕರು, ದಾದಿಯರು ಸೇರಿದಂತೆ ಅನೇಕರು ಕೆಲಸ ಕಳೆದುಕೊಂಡರು. ಪ್ರಸಾರ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥರು ಎಚ್ಚರಿಕೆ ಕೊಟ್ಟ ಬೆನ್ನಿಗೇ ಹಾಸ್ಯ ನಿರೂಪಕ ಜಿಮ್ಮಿ ಕಿಮ್ಮೆಲ್ ಅವರ ಕಾರ್ಯಕ್ರಮ ಕೆಲವು ದಿನ ನಿಂತಿತು. ಅದುವರೆಗೆ ವಜಾವನ್ನು ಬೆಂಬಲಿಸುತ್ತಿದ್ದ ಎಡಪಂಥೀಯರಲ್ಲಿ ಕೆಲವರು ವಿರೋಧಿಸಿದರು, ವಿರೋಧಿಸುತ್ತಿದ್ದ ಬಲಪಂಥೀಯರಲ್ಲಿ ಕೆಲವರು ಬೆಂಬಲಿಸಿದರು. ತತ್ವಕ್ಕಿಂತ ಪಕ್ಷ ನೋಡಿ ನಿಲುವು ತಳೆಯುವುದು ಈ ಚರ್ಚೆಯ ದೊಡ್ಡ ದೌರ್ಬಲ್ಯ.

ಅಳತೆಗೋಲುಗಳು

ಬೇರೆ ಬೇರೆ ದೇಶಗಳ ತೀರ್ಪುಗಳನ್ನು ಒಟ್ಟಿಗಿಟ್ಟು ನೋಡಿದರೆ ಕೆಲವು ಸಮಾನ ಪ್ರಶ್ನೆಗಳು ಕಾಣುತ್ತವೆ. ಮಾತಿಗೂ ಹುದ್ದೆಗೂ ನೇರ ಸಂಬಂಧ ಇದೆಯೇ, ಗುರಿಯಾದವರು ಬಲವುಳ್ಳವರೋ ದುರ್ಬಲರೋ, ಒಮ್ಮೆ ಎಡವಿದ್ದೋ ಚಾಳಿಯೋ, ಮಾತಾಡಿ ಎಷ್ಟು ಕಾಲವಾಯಿತು, ಸಂಸ್ಥೆಯ ನಿಯಮ ಮೊದಲೇ ಗೊತ್ತಿತ್ತೇ, ಕ್ಷಮೆ ಕೇಳಿದ್ದು ಮನಸಾರೆಯೇ, ಎಚ್ಚರಿಕೆ, ದಂಡ, ಅಮಾನತಿನಿಂದ ಕೆಲಸವಾಗುತ್ತಿರಲಿಲ್ಲವೇ ಎಂಬುವು ಅವು. ಇವಕ್ಕೆ ಉತ್ತರ ಹುಡುಕಲು ಕೆಲವು ವಾರಗಳಾದರೂ ಬೇಕು. ಮೇಲಿನ ಪ್ರಕರಣಗಳಲ್ಲಿ ಹೆಚ್ಚು ಟೀಕೆಗೆ ಗುರಿಯಾದ ವಜಾಗಳು ನಿರ್ಧಾರವಾದದ್ದು ಕೆಲವೇ ದಿನಗಳಲ್ಲಿ. ಆತುರದ ತೀರ್ಮಾನವನ್ನು ಡಿಸ್ನಿಯಂಥ ಸಂಸ್ಥೆಯೇ ಎಂಟು ತಿಂಗಳಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಎರಡೂ ಕಡೆ ಕೇಳಿ, ತಿಂಗಳುಗಳ ಬಳಿಕ ದಂಡ ವಿಧಿಸಿದ ಬಿಸಿಸಿಐ ಪ್ರಕರಣ ಮತ್ತೆ ನ್ಯಾಯಾಲಯಕ್ಕೆ ಹೋಗಲಿಲ್ಲ.

ಭಾರತದಲ್ಲಿ ಸಾರ್ವಜನಿಕ ಹಾಸ್ಯಕ್ಕಾಗಿ ನೌಕರರನ್ನು ವಜಾ ಮಾಡುವುದನ್ನು ನಿರ್ದಿಷ್ಟವಾಗಿ ಅನುಮತಿಸುವ ಅಥವಾ ನಿಷೇಧಿಸುವ ಕಾಯ್ದೆ ಇಲ್ಲ. ನೋಟಿಸ್, ಆರೋಪ ಪಟ್ಟಿ, ವಿಚಾರಣೆ, ತಪ್ಪಿಗೆ ತಕ್ಕ ಶಿಕ್ಷೆ ಎಂಬ ಹಳೆಯ ಕ್ರಮವೇ ಇಲ್ಲಿಯೂ ಅನ್ವಯಿಸುತ್ತದೆ. ಅದನ್ನು ಪಾಲಿಸದ ವಜಾ, ಆಡಿದ ಮಾತು ಎಷ್ಟೇ ಹೀನವಾಗಿದ್ದರೂ, ನ್ಯಾಯಾಲಯದಲ್ಲಿ ಬಿದ್ದುಹೋಗುವ ಸಾಧ್ಯತೆ ಇದೆ.